ಇಳಿಜಾರಿನಲ್ಲಿ ನಿಲ್ಲುವ ಟೈರ್

ಪ್ರೀತಿಯ ಮಗಳೇ,

ನಿನ್ನ ವಿ-ಕ್ರಾಸ್ ಪಿಕಪ್‌ನ ಟೈರ್‌ಗಳು ಸವೆದಿವೆ, ಮಳೆಗಾಲಕ್ಕೆ ಮೊದಲು ಆಲ್ ಟೆರೇನ್ ಹಾಕಿಸಬೇಕು, ಯಾವುದು ಒಳ್ಳೆಯದು ದೊಡ್ಡಪ್ಪ ಎಂದು ಕೇಳಿದ್ದೆ. ಒಂದು ಕಂಪನಿಯ ಹೆಸರು ಹೇಳಿ ಫೋನಿಡಬಹುದಿತ್ತು. ಆದರೆ ಪೇಟೆಯ ಕೆಲಸ ಬಿಟ್ಟು ತೋಟಕ್ಕೆ ಮರಳಿ ಪಿಕಪ್ ಓಡಿಸುತ್ತಿರುವ ನಿನ್ನ ವಯಸ್ಸಿನವರು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಈಗ ಬಹಳ ಮಂದಿ ಇದ್ದಾರೆ. ಅವರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲರೂ ಓದಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೇ ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಟೈರ್ ಅಂಗಡಿಯಲ್ಲಿ ನಿಂತಾಗ ತೋಟದ ಕೆಸರನ್ನು ನೆನೆಯಬೇಡ, ಜುಲೈ ತಿಂಗಳ ಶಿರಾಡಿ ಘಾಟಿಯನ್ನು ನೆನೆ. ಕೆಸರಿನಲ್ಲಿ ಹೂತರೆ ಪಕ್ಕದ ತೋಟದ ಟ್ರ್ಯಾಕ್ಟರ್ ಬರುತ್ತದೆ, ಅರ್ಧ ದಿನ ಹಾಳಾಗುತ್ತದೆ, ಅಷ್ಟೇ. ಒದ್ದೆ ರಸ್ತೆಯ ಇಳಿಜಾರಿನಲ್ಲಿ ಹಿಂಬದಿ ಜಾರಿದರೆ ಎದುರಿಗೆ ಬರುವುದು ಮಂಗಳೂರು ಕಡೆಯ ಟ್ಯಾಂಕರ್. ಗಾಡಿ ಎಲ್ಲಿ ಹತ್ತೀತು ಎಂಬುದಕ್ಕಿಂತ ಎಲ್ಲಿ ನಿಂತೀತು ಎಂಬುದನ್ನು ನೋಡಿ ಟೈರ್ ಆರಿಸು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಪಿಕಪ್‌ಗೆ ಈ ಮಾತು ಕಾರಿಗಿಂತ ಹೆಚ್ಚು ಅನ್ವಯಿಸುತ್ತದೆ. ಎಂಜಿನ್, ಕ್ಯಾಬಿನ್ ಎಲ್ಲ ಮುಂದಿದ್ದು, ಹಿಂದಿರುವುದು ಖಾಲಿ ಡಬ್ಬಿ. ಹಿಂದಿನ ಲೀಫ್ ಸ್ಪ್ರಿಂಗ್‌ಗಳನ್ನು ಭಾರ ಹೊರುವುದಕ್ಕೆಂದು ಬಿಗಿಯಾಗಿ ಕೂರಿಸಿರುತ್ತಾರೆ. ಗೊಬ್ಬರ ಇಳಿಸಿ ಖಾಲಿ ಬರುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದೆ ಎಂದುಕೋ. ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಎರಡು ಟೈರ್‌ಗಳು ರಸ್ತೆಯ ಮೇಲೆ ಒತ್ತಿ ಕೂರುವುದೇ ಇಲ್ಲ. ಮೇಲೆ ಮರದ ನೆರಳು, ಕೆಳಗೆ ಮಳೆನೀರು, ಲಾರಿಗಳಿಂದ ಸುರಿದ ಡೀಸೆಲ್. ಆ ಗಳಿಗೆಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ಎಬಿಎಸ್ ಇದ್ದರೂ ಅದು ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಈಗ ಟೈರ್‌ಗಳ ವಿಚಾರ. ಅಂಗಡಿಯಲ್ಲಿ ನಿನಗೆ ಮೂರು ಬಗೆ ತೋರಿಸುತ್ತಾರೆ. ಎಚ್‌ಟಿ ಅಂದರೆ ಹೈವೇ ಟೆರೇನ್: ಸಣ್ಣ ತೋಡುಗಳು, ನಡುವೆ ಒತ್ತೊತ್ತಾಗಿ ಬಟನ್ ಎಂಬ ರಬ್ಬರ್ ಉಬ್ಬುಗಳು, ಶಬ್ದ ಕಡಿಮೆ, ಒದ್ದೆ ಟಾರಿನ ಮೇಲೆ ಹಿಡಿತ ಚೆನ್ನ. ಎಂಟಿ ಅಂದರೆ ಮಡ್ ಟೆರೇನ್: ದಪ್ಪ ಬಟನ್‌ಗಳು, ನಡುವೆ ಅಗಲವಾದ ಖಾಲಿ ಜಾಗ. ಚಕ್ರ ಜೋರಾಗಿ ತಿರುಗಿದಾಗ ಮೆತ್ತಿದ ಕೆಸರು ತಾನೇ ಸಿಡಿದು ಹೋಗಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಟಾರಿನ ಮೇಲೆ ನೆಲಕ್ಕೆ ತಾಗುವ ರಬ್ಬರ್ ಅಷ್ಟು ಕಡಿಮೆಯಾಗುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲುವುದಕ್ಕೆ ಹೆಚ್ಚು ದೂರ ಬೇಕು, ಗುಂಯ್ ಎಂಬ ಶಬ್ದವೂ ಇರುತ್ತದೆ. ನಡುವಿನದು ಎಟಿ, ಆಲ್ ಟೆರೇನ್. ಅಮೆರಿಕದ ಬಿಎಫ್‌ಗುಡ್‌ರಿಚ್ ಕಂಪನಿ 1976ರಲ್ಲಿ ರೇಡಿಯಲ್ ಆಲ್ ಟೆರೇನ್ ಟೈರ್ ತಂದ ಮೇಲೆ ಈ ನಡುದಾರಿ ಬೆಳೆಯಿತು. ನಮ್ಮಂತೆ ಬೆಳಿಗ್ಗೆ ತೋಟದ ಮಣ್ಣುದಾರಿ, ಮಧ್ಯಾಹ್ನ ಹಾಸನದ ಹೈವೇ ಎಂದು ಓಡಾಡುವವರಿಗೆ ಎಟಿ ಸರಿಯಾದ ಆಯ್ಕೆಯೇ. ನಿನ್ನ ಯೋಚನೆ ಸರಿ ಇದೆ.

ಆದರೆ ಎಟಿ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಕೆಲವು ಎಂಟಿಯ ಕಡೆ ವಾಲಿರುತ್ತವೆ, ನೋಡಲು ಗಡುಸಾಗಿ ಕಾಣುತ್ತವೆ, ಹುಡುಗರು ಅದಕ್ಕೇ ಮರುಳಾಗುತ್ತಾರೆ. ನೀನು ಟೈರನ್ನು ನಿಲ್ಲಿಸಿ ಹತ್ತಿರದಿಂದ ನೋಡು. ಪ್ರತಿ ಬಟನ್ ಮೇಲೂ ಬ್ಲೇಡಿನಿಂದ ಗೀರಿದಂಥ ತೆಳು ಸೀಳುಗಳು ಇವೆಯೇ? ಅವಕ್ಕೆ ಸೈಪ್ ಎನ್ನುತ್ತಾರೆ. ರಸ್ತೆಗೆ ಒತ್ತಿದಾಗ ಆ ಸೀಳುಗಳು ಬಾಯಿ ಬಿಟ್ಟು ತೆಳುವಾದ ನೀರಿನ ಪದರವನ್ನು ಒಡೆಯುತ್ತವೆ, ನೂರಾರು ಅಂಚುಗಳು ಟಾರನ್ನು ಕಚ್ಚುತ್ತವೆ. ಸೈಪ್‌ಗಳು ಮೇಲ್ಮೈಯಲ್ಲಷ್ಟೇ ಇದ್ದರೆ ಟೈರ್ ಅರ್ಧ ಸವೆಯುವಷ್ಟರಲ್ಲಿ ಮಾಯವಾಗುತ್ತವೆ. ಆಳಕ್ಕೆ ಇಳಿದಿವೆಯೇ ಎಂದು ಉಗುರು ತೂರಿಸಿ ನೋಡು. ನಡುಭಾಗದ ಬಟನ್‌ಗಳು ಒತ್ತಾಗಿರಲಿ, ನೀರು ಪಕ್ಕಕ್ಕೆ ಹರಿದು ಹೋಗುವ ದಾರಿ ಇರಲಿ, ಭುಜದ ಕಡೆ ಮಣ್ಣಿಗೆ ಹಿಡಿತ ಕೊಡುವಷ್ಟು ತೆರವಿರಲಿ. ನಮ್ಮ ಊರಿಗೆ ಬೇಕಾದ ಎಟಿ ಇದು. ಮಳೆಗಾಲದಲ್ಲಿ ಪಾಚಿ ಕಟ್ಟುವ ಕಾಂಕ್ರೀಟ್ ರಸ್ತೆಯ ಮೇಲೆ ದಪ್ಪ ಗಟ್ಟಿ ಬಟನ್‌ಗಳು ಎಷ್ಟು ಸುಲಭವಾಗಿ ಜಾರುತ್ತವೆ ಎಂಬುದನ್ನು ನೀನೇ ನೋಡಿದ್ದೀಯ.

ಹಾಗಾದರೆ ಆಗಸ್ಟ್ ತಿಂಗಳ ಕೆಸರಿಗೆ ಏನು ಮಾಡುವುದು ಎನ್ನುತ್ತೀಯ. ನಮ್ಮ ಹಿರಿಯರು ಅದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ. ಮಲೆನಾಡಿನ ಹಳೆಯ ಜೀಪುಗಳು ಓಡಿದ್ದು 6.00-16 ಅಳತೆಯ ಕಿರಿದಾದ ಟೈರ್‌ಗಳ ಮೇಲೆ. ಹಲಸಿನ ಹಣ್ಣಿಗೆ ಇಳಿಯುವ ಕತ್ತಿಯ ಹಾಗೆ ಅವು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತಿದ್ದವು. ಟೈರ್ ಅಗಲವಾದಷ್ಟೂ ಕೆಸರಿಗೆ ಒಳ್ಳೆಯದು ಎಂಬುದು ನಮ್ಮ ಮಣ್ಣಿನಲ್ಲಿ ನಿಜವಲ್ಲ. ಆಳವಾದ ಸಡಿಲ ಮರಳಿಗೆ ಅಗಲ ಬೇಕು, ನಮಗೆ ಬೇಡ. ತೀರಾ ಕೆಟ್ಟ ದಿನಗಳಿಗೆ ಜೀಪಿನವರು ಚೈನು ಕಟ್ಟುತ್ತಾರೆ. ನೀನೂ ನಿನ್ನ ಟೈರಿನ ಅಳತೆಗೆ ಸರಿಯಾದ ಒಂದು ಜೊತೆ ಚೈನು ಇಟ್ಟುಕೋ. ಬೇಕಾದಾಗ ಕಟ್ಟಿ, ಟಾರು ರಸ್ತೆಗೆ ಬರುವ ಮೊದಲು ಬಿಚ್ಚು. ಮಳೆಗಾಲದ ಕೆಲವೇ ದಿನಗಳ ಕೆಸರಿಗಾಗಿ ವರ್ಷವಿಡೀ ಟಾರಿನ ಮೇಲೆ ಜಾರುವ ಟೈರ್ ಹಾಕಿಕೊಳ್ಳುವುದು ಬೇಡ.

ಮುಂದಿನದು ಅಳತೆ. ನಿನ್ನ ಟೈರಿನ ಮೇಲೆ 255/60 ಆರ್ 18 ಎಂದಿದೆ. ಅಗಲ 255 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಅದರ ಶೇಕಡಾ 60 ಅಂದರೆ 153 ಮಿ.ಮೀ., ರಿಮ್ 18 ಇಂಚು. ಎಲ್ಲ ಕೂಡಿದರೆ ಟೈರಿನ ಒಟ್ಟು ವ್ಯಾಸ ಸುಮಾರು 763 ಮಿ.ಮೀ. ಅಂಗಡಿಯಲ್ಲಿ 265/65 ಆರ್ 18 ಹಾಕಿಸಿ ಮೇಡಂ, ಗಾಡಿ ಎತ್ತರವಾಗುತ್ತದೆ ಎನ್ನುವವರು ಸಿಗುತ್ತಾರೆ. ಅದರ ವ್ಯಾಸ ಸುಮಾರು 802 ಮಿ.ಮೀ. ನೆಲದಿಂದ ಗಾಡಿಯ ಎತ್ತರ ಹೆಚ್ಚುವುದು ವ್ಯತ್ಯಾಸದ ಅರ್ಧ ಮಾತ್ರ, 2 ಸೆಂಟಿಮೀಟರ್‌ಗೂ ಕಡಿಮೆ. ಅದಕ್ಕೆ ತೆರುವ ಬೆಲೆ ನೋಡು. ಮೀಟರ್ ಮುಳ್ಳು ಹಿಂದಿನ ಜಾಗದಲ್ಲೇ ಇದ್ದರೂ ಗಾಡಿ ಶೇಕಡಾ 5ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಡೆ ಉಜ್ಜಬಹುದು. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಚಕ್ರ ಎಂದರೆ ಗೇರು ಎತ್ತರವಾದಂತೆಯೇ. ಎರಡನೇ ಗೇರಿನಲ್ಲಿ ಘಾಟಿ ಇಳಿಯುವಾಗ ಎಂಜಿನ್ ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ಬ್ರೇಕಿಗೂ ಕೆಲಸ ಹೆಚ್ಚುತ್ತದೆ. ನಿಲ್ಲುವುದಕ್ಕೆ ಟೈರ್ ಎಂದೆನಲ್ಲ, ಇದು ಅದಕ್ಕೆ ತದ್ವಿರುದ್ಧ. ಕಾನೂನೂ ಇದೆ: ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಅಪಘಾತವಾದಾಗ ವಿಮೆಯವರು ಇಂಥದ್ದನ್ನು ಹುಡುಕಿಯಾರು. ಕಂಪನಿ ಕೊಟ್ಟ ಅಳತೆಯಲ್ಲೇ ಎಟಿ ಹುಡುಕು.

ಅಳತೆಯ ಪಕ್ಕದಲ್ಲೇ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ಅಂಕಿ ಭಾರದ ಸೂಚ್ಯಂಕ: 108 ಎಂದರೆ ಒಂದು ಟೈರ್ ಹೊರುವ ಗರಿಷ್ಠ ಭಾರ 1000 ಕೆ.ಜಿ., 112 ಎಂದರೆ 1120 ಕೆ.ಜಿ. ಅಕ್ಷರ ವೇಗದ್ದು: ಎಸ್ ಎಂದರೆ 180 ಕಿ.ಮೀ., ಟಿ ಎಂದರೆ 190, ಎಚ್ ಎಂದರೆ 210. ವೇಗದ ವಿಷಯದಲ್ಲಿ ನಮ್ಮ ರಸ್ತೆಗಳಿಗೆ ಇವೆಲ್ಲವೂ ಬೇಕಾದಷ್ಟಾಯಿತು. ಆದರೂ ಅಂಕಿ, ಅಕ್ಷರ ಎರಡೂ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯದಿರಲಿ. ಅಳತೆಯ ಮುಂದೆ ಎಲ್‌ಟಿ ಎಂದಿದ್ದರೆ ಅದು ಲೈಟ್ ಟ್ರಕ್ ಟೈರ್. ಒಳಗಿನ ಕವಚ ದಪ್ಪ, ಕಲ್ಲಿಗೆ, ಕಡಿದ ಗಿಡದ ಮೋಟಿಗೆ ಸೈಡ್‌ವಾಲ್ ಹರಿಯುವುದು ಕಡಿಮೆ. ಆದರೆ ತೂಕ ಹೆಚ್ಚು, ಖಾಲಿ ಗಾಡಿಯಲ್ಲಿ ಕುಲುಕಾಟ ಹೆಚ್ಚು, ಡೀಸೆಲ್ ಖರ್ಚೂ ಹೆಚ್ಚು. ಅಷ್ಟೇ ಭಾರ ಹೊರಲು ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ದಿನವೂ ಕಲ್ಲುಕ್ವಾರಿಯ ದಾರಿಯಲ್ಲಿ ಓಡುವವರಿಗೆ ಅದು ಸರಿ. ನಿನಗೆ ಸಾಮಾನ್ಯ ಎಟಿಯೇ ಸಾಕು.

ಕಂಪನಿಗಳ ವಿಚಾರಕ್ಕೆ ಬರೋಣ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿನ ಹಲವು ಎಟಿಗಳು ಸಿಗುವುದು ಕಷ್ಟವಾಯಿತು. ಆದರೆ ಆಯ್ಕೆಗೇನೂ ಬರವಿಲ್ಲ. ಅಪೊಲೊ ಆಪ್ಟೆರಾ, ಸಿಯೆಟ್ ಝಾರ್, ಎಂಆರ್‌ಎಫ್ ವಾಂಡರರ್, ಜೆಕೆ ರೇಂಜರ್, ಯೋಕೊಹಾಮಾ ಜಿಯೋಲ್ಯಾಂಡರ್ ಸಾಲುಗಳಲ್ಲಿ ಎಟಿ ಟೈರ್‌ಗಳಿವೆ. ನಮ್ಮ ಕಾಲದಲ್ಲಿ ಮೈಸೂರಿನ ವಿಕ್ರಾಂತ್ ಟೈರ್ ಎಂದರೆ ನಮಗೊಂದು ಅಭಿಮಾನ. 1997ರಲ್ಲಿ ಜೆಕೆಯವರು ಅದನ್ನು ವಹಿಸಿಕೊಂಡರು. ಹೆಸರಿನ ಅಭಿಮಾನ ಇರಲಿ, ಕೊಳ್ಳುವಾಗ ಮಾತ್ರ ಎರಡು ಪ್ರಶ್ನೆ ಕೇಳು. ನನ್ನ ಅಳತೆಯಲ್ಲಿ ಈ ಮಾಡೆಲ್ ಇದೆಯೇ? ಮುಂದೆ ಒಂದು ಟೈರ್ ಹರಿದರೆ ಇದೇ ಮಾಡೆಲ್ ಹಾಸನದಲ್ಲೋ ಮಂಗಳೂರಿನಲ್ಲೋ ಕೂಡಲೇ ಸಿಗುತ್ತದೆಯೇ? ಎರಡಕ್ಕೂ ಹೌದು ಎನ್ನುವ ಟೈರ್, ತಿಂಗಳುಗಟ್ಟಲೆ ಕಾಯಿಸುವ ಹೆಸರಾಂತ ಟೈರಿಗಿಂತ ನಿನಗೆ ಉಪಯುಕ್ತ.

ದುಡ್ಡು ಕೊಡುವ ಮೊದಲು ತಯಾರಾದ ದಿನ ನೋಡು. ಸೈಡ್‌ವಾಲಿನಲ್ಲಿ ನಾಲ್ಕು ಅಂಕಿಗಳು ಒಂದು ಚೌಕಟ್ಟಿನೊಳಗೆ ಅಚ್ಚಾಗಿರುತ್ತವೆ. 2225 ಎಂದಿದ್ದರೆ 2025ರ 22ನೇ ವಾರ. ಐಎಸ್‌ಐ ಗುರುತೂ ಇರಬೇಕು. ತೋಟದ ಗಾಡಿಗಳಿಗೆ ತಯಾರಿಕೆಯ ದಿನ ಬಹಳ ಮುಖ್ಯ, ಯಾಕೆಂದರೆ ಅವು ಓಡುವ ದೂರ ಕಡಿಮೆ. ಬಟನ್ ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆಯಲ್ಲಿ ಹಿಡಿಯುವುದಿಲ್ಲ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸು. ಹತ್ತು ವರ್ಷ ತುಂಬಿದ್ದನ್ನು, ಬಟನ್ ಎಷ್ಟೇ ಉಳಿದಿರಲಿ, ತೆಗೆದುಹಾಕು. ಸ್ಟೆಪ್ನಿಗೂ ಇದೇ ಲೆಕ್ಕ.

ಸವೆತದ ಗುರುತು ತೋಡುಗಳ ತಳದಲ್ಲಿ ಸಣ್ಣ ದಿಣ್ಣೆಯಾಗಿ ಇರುತ್ತದೆ, 1.6 ಮಿ.ಮೀ. ಎತ್ತರ. ಟೈರ್ ಅಲ್ಲಿಗೆ ಮುಟ್ಟುವ ತನಕ ಕಾಯಬೇಡ. 3 ಮಿ.ಮೀ.ಗೆ ಇಳಿಯಿತೆಂದರೆ ನೀರನ್ನು ಹೊರಹಾಕುವ ಶಕ್ತಿ ಆಗಲೇ ಕುಂದಿರುತ್ತದೆ. ಬಯಲುಸೀಮೆಯವರು ಇನ್ನಷ್ಟು ದಿನ ಓಡಿಸಿಯಾರು, ನಮ್ಮ ಮಳೆಗೆ ಅದು ಆಗದು.

ನಾಲ್ಕನ್ನೂ ಒಟ್ಟಿಗೆ ಬದಲಿಸು. ನಿನ್ನ ಗಾಡಿಯ ಫೋರ್ ಬೈ ಫೋರ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ಕಟ್ಟಿಹಾಕಿದಂತೆ ತಿರುಗುತ್ತವೆ, ನಡುವೆ ಡಿಫರೆನ್ಶಿಯಲ್ ಇಲ್ಲ. ಮುಂದೆ ಹಳೆಯ ಟೈರ್, ಹಿಂದೆ ಹೊಸದು ಎಂದಾದರೆ ಸುತ್ತಳತೆ ಬೇರೆಯಾಗಿ ಆ ಎಳೆದಾಟವೆಲ್ಲ ಗೇರುಪೆಟ್ಟಿಗೆಯ ಮೇಲೆ ಬೀಳುತ್ತದೆ. ಒಣ ಟಾರಿನ ಮೇಲೆ ಫೋರ್ ಬೈ ಫೋರ್ ಹಾಕಬೇಡ ಎನ್ನುವುದೂ ಇದಕ್ಕೇ. ಟೂ ವೀಲ್ ಡ್ರೈವ್ ಪಿಕಪ್ ಇರುವವರು ದುಡ್ಡಿನ ಅಡಚಣೆಯಿಂದ ಎರಡೇ ಕೊಳ್ಳಬೇಕಾಗಿ ಬಂದರೆ ಹೊಸದನ್ನು ಹಿಂದಕ್ಕೆ ಹಾಕಿಸಲಿ. ಮುಂದೆ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು, ಹಿಂದೆ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ.

ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸು. ಎಂಟು ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಟೈರ್‌ಗಳ ಜಾಗ ಬದಲಿಸು, ಇಲ್ಲದಿದ್ದರೆ ಎಟಿಯ ಬಟನ್‌ಗಳು ಒಂದೇ ಕಡೆ ಸವೆದು ಶಬ್ದ ಮಾಡುತ್ತವೆ. ಗಾಳಿ ಎಷ್ಟು ಎಂಬುದನ್ನು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ ಹಿಡಿಸು. ಅಲ್ಲಿ ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಒಂದು ಲೆಕ್ಕ ಕೊಟ್ಟಿದ್ದರೆ ಎರಡನ್ನೂ ಪಾಲಿಸು. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ. ಕೆಸರಿನಿಂದ ಪಾರಾಗಲು ಗಾಳಿ ಇಳಿಸಿದರೆ ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸು, ಅದಕ್ಕೊಂದು ಸಣ್ಣ ಪಂಪ್ ಗಾಡಿಯಲ್ಲೇ ಇರಲಿ. ಸೈಡ್‌ವಾಲ್ ಹರಿದರೆ ಪಂಕ್ಚರ್ ಹಾಕಿಸಿ ಓಡಿಸಬೇಡ, ಆ ಟೈರಿನ ಕಥೆ ಮುಗಿಯಿತು ಎಂದೇ ತಿಳಿ.

ಇಷ್ಟನ್ನೂ ಮೇ ತಿಂಗಳ ಮೊದಲ ವಾರದೊಳಗೆ ಮುಗಿಸು. ಹೊಸ ಟೈರ್ ಒಗ್ಗಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಡಬೇಕು, ಆ ಓಡಾಟ ಒಣ ರಸ್ತೆಯಲ್ಲೇ ಆಗಲಿ. ಮೊದಲ ಮಳೆ ಬಿದ್ದ ದಿನ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 40ರ ವೇಗದಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡು. ಹೊಸ ಟೈರ್ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ನಿನ್ನ ಕಾಲಿಗೆ ಗೊತ್ತಾಗಬೇಕು. ಘಾಟಿಯಲ್ಲಿ ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕೆಂದು ಅದನ್ನು ನೋಡಿ ತೀರ್ಮಾನಿಸು.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ