ಸ್ವಂತ ಮನೆ: ಕಣ್ಣಿಗೆ ಕಾಣದ ಕೆಲಸಕ್ಕೇ ಮೊದಲ ದುಡ್ಡು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮಂಥವರು ಆಯುಷ್ಯದಲ್ಲಿ ಒಂದು ಸಲ ಮಾತ್ರ ಮನೆ ಕಟ್ಟುತ್ತೇವೆ. ತಪ್ಪಿದರೆ ಇನ್ನೊಂದು ಸಲ ಕಟ್ಟುವ ಶಕ್ತಿ ಇರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಳ್ಳಿ ಮತ್ತು ತಾಂಡಾಗಳಲ್ಲಿ ಎರಡು ಬಗೆಯ ಮನೆ ನಮ್ಮ ಕಣ್ಣಿಗೆ ಬೀಳುತ್ತವೆ. ಒಂದು, ಬಾಗಿಲ ಎತ್ತರಕ್ಕೆ ಬಂದು ನಿಂತುಹೋದ ಮನೆ. ಅದರ ಯಜಮಾನರು ಸಾಲ ತೀರಿಸಲು ಬೆಂಗಳೂರಿಗೋ ಪುಣೆಗೋ ಮುಂಬೈಗೋ ದುಡಿಯಲು ಹೋಗಿರುತ್ತಾರೆ. ಇನ್ನೊಂದು, ಬಣ್ಣ, ಟೈಲ್ಸ್ ಎಲ್ಲ ಮುಗಿದು ಎರಡು-ಮೂರು ಮಳೆಗಾಲಕ್ಕೇ ಗೋಡೆ ಸೀಳಿದ ಮನೆ.

ಎರಡಕ್ಕೂ ಕಾರಣ ಒಂದೇ. ಕಣ್ಣಿಗೆ ಕಾಣುವ ಕೆಲಸಕ್ಕೆ ನಾವು ಮೊದಲು ದುಡ್ಡು ಸುರಿಯುತ್ತೇವೆ. ಮಣ್ಣಿನೊಳಗೆ, ಗೋಡೆಯೊಳಗೆ, ಕಾಗದದಲ್ಲಿ ಅಡಗಿರುವ ಕೆಲಸಕ್ಕೆ ‘ನಡೀತದ ಬಿಡ್ರಿ’ ಅಂದುಬಿಡುತ್ತೇವೆ. ಬಣ್ಣ ಮುಂದಿನ ವರ್ಷ ಹಚ್ಚಬಹುದು, ಟೈಲ್ಸ್ ಮಕ್ಕಳು ದುಡಿದ ಮೇಲೆ ಹಾಕಿಸಬಹುದು. ಬುನಾದಿಯನ್ನು ಮಾತ್ರ ಮನೆ ಕಟ್ಟಿದ ಮೇಲೆ ಬದಲಿಸಲಾಗದು. ಸಂಘದ ಸಭೆಗಳಲ್ಲಿ ಬಂಧುಗಳು ಕೇಳುವ ಪ್ರಶ್ನೆಗಳನ್ನೇ ಇಟ್ಟುಕೊಂಡು ಈ ಪಾಠವನ್ನು ಕಲಿಯೋಣ.

1. “ಜಾಗ ಬಾಂಡ್ ಪೇಪರ್ ಮ್ಯಾಲ ಬರಸಿಕೊಂಡೀವಿ. ಮನಿ ಕಟ್ಟಬಹುದೇನ್ರಿ?”

ಕಟ್ಟಬೇಡಿ. 1908ರ ನೋಂದಣಿ ಕಾನೂನಿನ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಖರೀದಿ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬಾಂಡ್ ಪೇಪರ್ ಮೇಲಿನ ಬರಹ, ನಾಲ್ಕು ಮಂದಿಯ ಸಹಿ, ದೇವರ ಮುಂದಿನ ಮಾತು ಇವು ಯಾವುವೂ ನಿಮ್ಮನ್ನು ಜಾಗದ ಒಡೆಯರನ್ನಾಗಿ ಮಾಡುವುದಿಲ್ಲ. ಕೊಟ್ಟವರು ಒಳ್ಳೆಯವರೇ ಇರಬಹುದು. ಅವರ ಕಾಲದ ನಂತರ ಅವರ ಮಕ್ಕಳು ಬಂದು ಕೇಳಿದರೆ ನಿಮ್ಮ ಕೈಯಲ್ಲಿ ಏನಿರುತ್ತದೆ?

ಹಳ್ಳಿಯಲ್ಲಾದರೆ ಗ್ರಾಮ ಪಂಚಾಯತಿಯ ಇ-ಸ್ವತ್ತು ದಾಖಲೆ ನೋಡಿ. ಜಾಗ ಗ್ರಾಮಠಾಣಾ ಒಳಗಿದೆಯೋ ಹೊಲದ ಸರ್ವೆ ನಂಬರಿನಲ್ಲಿದೆಯೋ ಎಂದು ಕೇಳಿ. ಹೊಲವಾಗಿದ್ದರೆ ಭೂಪರಿವರ್ತನೆ ಆಗಿರಬೇಕು. ತಾಂಡಾಗಳಲ್ಲಿ ಬಹಳ ಕಾಲ ಮನೆ ಇತ್ತು, ಕಾಗದ ಇರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನಮ್ಮ ಜಿಲ್ಲೆ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗಾಗಿ ಹಕ್ಕುಪತ್ರ ವಿತರಣೆ ನಡೆಯಿತು. ಹಕ್ಕುಪತ್ರ ಸಿಕ್ಕವರು ಅದನ್ನು ಟ್ರಂಕಿನಲ್ಲಿಟ್ಟು ಮರೆಯಬಾರದು. ಪಂಚಾಯತಿ ದಾಖಲೆಯಲ್ಲಿ ಹೆಸರು ಏರಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ಸಾಧ್ಯವಿದ್ದರೆ ಮನೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿರಲಿ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ತಾಯಿ-ಮಕ್ಕಳು ಬೀದಿಗೆ ಬರುವುದು ತಪ್ಪುತ್ತದೆ.

2. “ನಮ್ಮದು ಎರಿ ಭೂಮಿ ಅದ. ಬುನಾದಿ ಎಷ್ಟು ಆಳ ತೋಡಬೇಕ್ರಿ?”

ನಮ್ಮ ಭಾಗದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ತೊಗರಿಗೆ ಒಳ್ಳೆಯದಾದ ಎರೆ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ಬುನಾದಿ ಆ ಮಣ್ಣಿನಲ್ಲೇ ಕುಂತರೆ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಎಲ್ಲ ಮೂಲೆಯೂ ಒಂದೇ ಸಮ ಏರುವುದಿಲ್ಲ. ಆದ್ದರಿಂದಲೇ ಕಿಡಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಆ ಬಿರುಕಿಗೆ ಮೇಲಿನಿಂದ ಎಷ್ಟು ಸಿಮೆಂಟ್ ತುಂಬಿದರೂ ಮುಂದಿನ ವರ್ಷ ಮತ್ತೆ ತೆರೆಯುತ್ತದೆ.

ಏನು ಮಾಡಬೇಕು? ಬ್ಯಾಸಿಗೆಯಲ್ಲಿ ಜಾಗದ ಎರಡು ಎದುರು ಮೂಲೆಯಲ್ಲಿ ಐದಾರು ಅಡಿ ಗುಂಡಿ ತೋಡಿಸಿ ನೋಡಿ. ಶಹಾಬಾದ್, ವಾಡಿ ಸುತ್ತ ಕೆಲವು ಕಡೆ ಎರಡು-ಮೂರು ಅಡಿಗೇ ಕಲ್ಲಿನ ಪದರ ಸಿಗುತ್ತದೆ. ಕೆಲವು ಕಡೆ ಗಟ್ಟಿ ಮುರುಮ ಸಿಗುತ್ತದೆ. ಹಾಗಿದ್ದರೆ ಅದರ ಮೇಲೆಯೇ ಬುನಾದಿ ಇಡಿ. ಒಂದು ಮೂಲೆಗೆ ಕಲ್ಲು, ಇನ್ನೊಂದು ಮೂಲೆಗೆ ಎರೆ ಮಣ್ಣು ಬಂದರೆ ಎಚ್ಚರ. ಆ ಮೂಲೆಯಲ್ಲೂ ಗಟ್ಟಿ ನೆಲ ಸಿಗುವ ತನಕ ಇಳಿಯಬೇಕು. ಗಟ್ಟಿ ನೆಲ ಎಷ್ಟು ತೋಡಿದರೂ ಸಿಗದಿದ್ದರೆ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಹೋಗಬೇಕು. ಇದು ಸಾಮಾನ್ಯವಾಗಿ ಐದು ಅಡಿಗೆ ಕಡಿಮೆ ಇರುವುದಿಲ್ಲ. ಇಂಥ ಜಾಗದಲ್ಲಿ ಪಂಚಾಯತಿ ಅಥವಾ ತಾಲ್ಲೂಕು ಪಂಚಾಯತಿಯ ಎಂಜಿನಿಯರರಿಗೆ ಗುಂಡಿ ತೋರಿಸಿಯೇ ಮುಂದುವರಿಯಿರಿ.

ಇನ್ನೂ ಮೂರು ಮಾತು ನೆನಪಿಡಿ. ತೋಡಿದ ಎರೆ ಮಣ್ಣನ್ನು ಮತ್ತೆ ಬುನಾದಿ ಬದಿಗೆ, ನೆಲದ ಕೆಳಗೆ ತುಂಬಬೇಡಿ. ಮುರುಮ ತುಂಬಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ಬಡಿಯಿರಿ. ಬುನಾದಿ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಇರಲಿ. ಮನೆ ಸುತ್ತ ಮೂರು ಅಡಿ ಅಗಲಕ್ಕೆ ಫರ್ಸಿ ಹಾಸಿ ಹೊರಗೆ ಇಳಿಜಾರು ಕೊಡಿ. ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗಬಾರದು.

3. “ಹೊಳಿ ದಂಡಿ ಊರು ನಮ್ಮದು. ಕಟ್ಟಿ ಎಷ್ಟು ಎತ್ತರ ಇರಬೇಕು?”

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, 2020ರ ಅಕ್ಟೋಬರ್‌ನ ಭೀಮಾ-ಕಾಗಿಣಾ ಪ್ರವಾಹ ನಮಗೆ ಮರೆತಿಲ್ಲ. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಗೋಡೆ ಮೇಲೆ, ಕಂಬದ ಮೇಲೆ ಗುರುತು ಮಾಡಿಸಿ. ಮನೆಯ ನೆಲ ಆ ಗುರುತಿಗಿಂತ ಒಂದೂವರೆ ಅಡಿ ಮೇಲಿರಲಿ. ಅಷ್ಟು ಎತ್ತರ ಮಾಡಲು ಆಗದ ಜಾಗವಾದರೆ ಅಲ್ಲಿ ಕಟ್ಟದಿರುವುದೇ ಲೇಸು. ಹಳ್ಳದ ಬದಿ ಜಾಗ ಅಗ್ಗಕ್ಕೆ ಸಿಗುವುದು ಯಾಕೆ ಎಂದು ಮೊದಲೇ ಕೇಳಿಕೊಳ್ಳಿ.

4. “ಕಲ್ಲಿನ ಗ್ವಾಡಿ ಎರಡು ಅಡಿ ದಪ್ಪ ಇದ್ದರ ಗಟ್ಟಿ ಅಲ್ಲೇನ್ರಿ?”

ದಪ್ಪ ಇದ್ದ ಮಾತ್ರಕ್ಕೆ ಗಟ್ಟಿ ಅಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಬೆಳಕಿಗೆ ಬಂತು. ಸುಮಾರು ಎರಡು ಸಾವಿರ ವರ್ಷ ಹಳೆಯದಾದರೂ, ನಮ್ಮ ನೆಲದ ಸುಣ್ಣಕಲ್ಲಿನ ಚಪ್ಪಡಿಗಳ ಮೇಲಿನ ಕೆತ್ತನೆ ಮತ್ತು ಅಕ್ಷರ ಇನ್ನೂ ಸ್ಪಷ್ಟ. ಕಲ್ಲು ಹಾಗೇ ಉಳಿದಿತ್ತು, ಕಟ್ಟಡ ಮಾತ್ರ ಬಿದ್ದು ಚದುರಿತ್ತು. ನಮ್ಮ ಕಲ್ಲಿನ ಬಲದ ಬಗ್ಗೆ ಸಂಶಯ ಬೇಡ. ಕಲ್ಲನ್ನು ಕಲ್ಲಿಗೆ ಹಿಡಿದಿಡುವ ಕೆಲಸದಲ್ಲಿ ನಾವು ಸೋಲುತ್ತೇವೆ.

ಈ ಮಾತು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾಬೀತಾಯಿತು. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಕಂಪವಾಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿನ ಬಹುಪಾಲು ಮನೆಗಳು ನಮ್ಮ ಹಳೆ ಮನೆಗಳಂಥವೇ ಆಗಿದ್ದವು. ಮಣ್ಣಿನಲ್ಲಿ ಇಟ್ಟ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಹೊರಮುಖ ಒಂದು ಕಡೆ, ಒಳಮುಖ ಇನ್ನೊಂದು ಕಡೆ ಸೀಳಿತು. ಮಾಳಿಗೆ ಮೈಮೇಲೆ ಬಿತ್ತು. ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲೂ 2021ರ ಅಕ್ಟೋಬರ್‌ನಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ ಜನ ಮನೆ ಹೊರಗೆ ರಾತ್ರಿ ಕಳೆದರು. ನಮಗೆ ಇದು ದೂರದ ಸುದ್ದಿ ಅಲ್ಲ.

ಗೌಂಡಿಗೆ ಹೇಳಿ ಮಾಡಿಸಬೇಕಾದದ್ದು ಇಷ್ಟು:

- ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲು, ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಇರಬೇಕು.
- ಎರಡು ಮುಖದ ನಡುವೆ ಬರೀ ಮಣ್ಣು, ಚೂರು ಕಲ್ಲು ತುಂಬಬಾರದು.
- ಗೋಡೆ ಒಂದೂಕಾಲರಿಂದ ಒಂದೂವರೆ ಅಡಿ ದಪ್ಪ ಸಾಕು. ಮಣ್ಣಿನ ಬದಲು ಒಂದು ಪಾಲು ಸಿಮೆಂಟ್, ಆರು ಪಾಲು ಉಸುಕಿನ ಗಚ್ಚು ಬಳಸಿ.
- ಬಾಗಿಲು-ಕಿಡಕಿ ಮೇಲೆ ತುಂಡು ತುಂಡು ಲಿಂಟಲ್ ಬದಲು ಮನೆ ಸುತ್ತ ಒಂದೇ ಪಟ್ಟಿ ಹಾಕಿ. ಮೂರು ಇಂಚು ದಪ್ಪ, ಎರಡು ಸರಳು, ಅರ್ಧ ಅಡಿಗೊಂದು ಕೊಂಡಿ ಇರಲಿ. ಹಗ್ಗದಿಂದ ಸಿವುಡು ಕಟ್ಟಿದಂತೆ ಇದು ಇಡೀ ಮನೆಯನ್ನು ಬಿಗಿಯುತ್ತದೆ.
- ಕಿಡಕಿಯನ್ನು ಗೋಡೆಯ ಮೂಲೆಗೆ ಒತ್ತಿ ಇಡಬೇಡಿ, ಕನಿಷ್ಠ ಎರಡು ಅಡಿ ಬಿಡಿ.

ಹಳೆ ಮಾಳಿಗೆ ಮನೆಯಲ್ಲೇ ಇರುವವರು ಸೋರುತ್ತದೆ ಎಂದು ವರ್ಷಾ ಮಣ್ಣು ಏರಿಸುತ್ತಾ ಹೋಗಬೇಡಿ. ಭಾರ ಹೆಚ್ಚಾದಷ್ಟೂ ಅಪಾಯ. ಹಳೆ ಮಣ್ಣು ತೆಗೆದು ಹೊಸದು ತೆಳ್ಳಗೆ ಹಾಕಿ.

5. “ಸಿಮೆಂಟ್ ಜಾಸ್ತಿ ಹಾಕಿದರ ಸ್ಲ್ಯಾಬ್ ಗಟ್ಟಿ ಆಗ್ತದಲ್ರಿ?”

ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಸಿಮೆಂಟ್ ಊರೂರಿಗೆ ಹೋಗುತ್ತದೆ. ಆದರೂ ನಮ್ಮ ಸ್ಲ್ಯಾಬ್‌ಗಳೇ ಸೋರುತ್ತವೆ. ಸಿಮೆಂಟ್ ಕಡಿಮೆ ಆಗಿ ಸೋರುವುದಕ್ಕಿಂತ ನೀರು ತಪ್ಪಿ ಸೋರುವುದೇ ಹೆಚ್ಚು. ಕಲಸುವಾಗ ನೀರು ಹೆಚ್ಚು, ಕಲಸಿ ಹಾಕಿದ ಮೇಲೆ ನೀರು ಕಡಿಮೆ. ಆಗಬೇಕಾದದ್ದು ಇದರ ಉಲ್ಟಾ.

ಒಂದು ಚೀಲ ಸಿಮೆಂಟಿಗೆ (50 ಕಿಲೊ) 25ರಿಂದ 27 ಲೀಟರ್ ನೀರು ಸಾಕು. ಕೆಲಸ ಸುಲಭವಾಗಲಿ ಎಂದು ಬಕೆಟ್‌ಗಟ್ಟಲೆ ಸುರಿದರೆ ಆ ನೀರು ಆರಿಹೋಗಿ ಒಳಗೆ ಸಣ್ಣ ತೂತು ಉಳಿಯುತ್ತವೆ. ಸ್ಲ್ಯಾಬಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ. ಬುಟ್ಟಿ ಲೆಕ್ಕ ಬೇಡ, ಅಳತೆ ಪೆಟ್ಟಿಗೆ ಇರಲಿ. ಸರಳಿನ ಕೆಳಗೆ ಮುಕ್ಕಾಲು ಇಂಚು ಬಿಲ್ಲೆ ಇಡಿ. ಇಲ್ಲದಿದ್ದರೆ ಸರಳು ಹಲಗೆಗೆ ಅಂಟಿ ಮುಂದೆ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತದೆ. ಚೀಲದ ಮೇಲಿನ ತಾರೀಖು ಓದಿ. ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಕುಗ್ಗಿರುತ್ತದೆ.

ನಮ್ಮ ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಲ್ಯಾಬ್ ಕೆಲಸ ನಸುಕಿನಲ್ಲಿ ಶುರುಮಾಡಿ. ಮರುದಿನವೇ ಮೇಲೆ ಸಣ್ಣ ಬದು ಕಟ್ಟಿ ಎರಡು ವಾರ ನೀರು ನಿಲ್ಲಿಸಿ. ಗೋಡೆಗೆ ಗೋಣಿಚೀಲ ಹೊದಿಸಿ ಹತ್ತು ದಿನ ನೀರು ಹೊಡೆಯಿರಿ. ನೀರಿನ ವ್ಯವಸ್ಥೆ ಇಲ್ಲದೆ ಕೆಲಸ ಶುರುಮಾಡಬೇಡಿ. ಬಾಡಿಗೆ ಏರುತ್ತದೆ ಎಂದು ಎರಡು ವಾರದ ಒಳಗೆ ಕೆಳಗಿನ ಆಸರೆ ತೆಗೆಸಬೇಡಿ.

6. “ಸರ್ಕಾರದ ಮನಿ ಮಂಜೂರ್ ಆಗ್ಯದ. ಸ್ವಲ್ಪ ದೊಡ್ಡದೇ ಕಟ್ಟೋಣೇನು?”

ಬಾಗಿಲ ಎತ್ತರಕ್ಕೆ ನಿಲ್ಲುವ ಮನೆಗಳು ಹುಟ್ಟುವುದು ಇಲ್ಲಿಯೇ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. ಮನೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇರಬೇಕು. ಹಣ ಒಂದೇ ಸಲ ಬರುವುದಿಲ್ಲ. ಬುನಾದಿ, ಲಿಂಟಲ್, ಛಾವಣಿ ಹೀಗೆ ಹಂತ ಮುಗಿದು ಫೋಟೊ ಆದ ಮೇಲೆ ಕಂತು ಬರುತ್ತದೆ. ಕಂತು ತಡವಾದರೂ ಕೆಲಸ ನಿಲ್ಲದಂತೆ ಮುಂದಿನ ಹಂತದ ಸಾಮಾನಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡೇ ಶುರುಮಾಡಿ.

ಪಕ್ಕದ ಮನೆಯವರು ಮೂರು ಕೋಣೆ ಕಟ್ಟಿದರು ಎಂದು ನಾವೂ 600 ಅಡಿ ಬುನಾದಿ ಹಾಕಿದರೆ ಉಳಿದ ದುಡ್ಡು ಖಾಸಗಿಯವರ ಹತ್ತಿರ ತರಬೇಕಾಗುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕೇಳಲು ಸಣ್ಣದು. ಲೆಕ್ಕ ಹಾಕಿ: ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಮೂರು ವರ್ಷಕ್ಕೆ ಬಡ್ಡಿಯೇ 1,08,000 ಆಗುತ್ತದೆ, ಅಸಲು ಹಾಗೇ ನಿಂತಿರುತ್ತದೆ. ಇದೇ ಲಕ್ಷ ಸಂಘದಿಂದ ನೂರಕ್ಕೆ ಒಂದರಂತೆ ಸಿಕ್ಕರೆ ವರ್ಷಕ್ಕೆ 12,000 ಮಾತ್ರ, ಅಸಲು ಕಟ್ಟಿದಂತೆ ಅದೂ ಇಳಿಯುತ್ತದೆ.

ದಾರಿ ಇದೆ. ಒಂದು ಕೋಣೆ, ಅಡುಗೆ ಜಾಗ, ಬಚ್ಚಲು, ಸಂಡಾಸ ಇಷ್ಟನ್ನು ಪೂರ್ತಿ ಮಾಡಿ. ಮುಂದೆ ಎಲ್ಲಿ ಬೆಳೆಸಬೇಕು ಎಂದು ಈಗಲೇ ನಕ್ಷೆಯಲ್ಲಿ ಗುರುತಿಸಿ ಜಾಗ ಬಿಡಿ. ನೆಲಕ್ಕೆ ಟೈಲ್ಸ್ ಬದಲು ನಮ್ಮ ಶಹಾಬಾದ್ ಫರ್ಸಿಯೇ ಸಾಕು. ಬ್ಯಾಸಿಗೆಗೆ ತಂಪು, ಬಾಳಿಕೆ ಬಹಳ. ಮಾಳಿಗೆ ಮೇಲೆ ಪ್ರತಿ ಬ್ಯಾಸಿಗೆ ಸುಣ್ಣ ಬಳಿದರೆ ಒಳಗೆ ಸೆಕೆ ತಗ್ಗುತ್ತದೆ. ಗಾಳಿಗೆ ಎದುರುಬದುರು ಕಿಡಕಿ ಇರಲಿ.

ಗೌಂಡಿಯವರ ಜೊತೆ ಬಾಯಿಮಾತಿನ ಒಪ್ಪಂದ ಬೇಡ. ಒಂದು ಹಾಳೆಯಲ್ಲಿ ಯಾವ ಕೆಲಸ, ಯಾವ ದರ, ಯಾವ ಹಂತಕ್ಕೆ ಎಷ್ಟು ದುಡ್ಡು, ಸಾಮಾನು ಯಾರದು ಎಂದು ಬರೆದು ಇಬ್ಬರೂ ಸಹಿ ಮಾಡಿ. ಕೆಲಸಕ್ಕಿಂತ ಮುಂದಾಗಿ ದುಡ್ಡು ಕೊಡಬೇಡಿ. ಕೆಲಸ ಮುಗಿದ ಮೇಲೆ ಅವರ ಕೂಲಿ ತಡೆಯಲೂ ಬೇಡಿ. ಅವರೂ ನಮ್ಮಂತೆಯೇ ದುಡಿದು ತಿನ್ನುವವರು. ದಿನದ ಖರ್ಚನ್ನು ಮನೆಯ ಹೆಣ್ಣುಮಕ್ಕಳು ವಹಿಯಲ್ಲಿ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಬಿರುಕು ಬಿಟ್ಟ ಮನೆ ಎಷ್ಟು? ಅವುಗಳ ಬುನಾದಿ ಯಾವ ನೆಲದಲ್ಲಿದೆ? ಎಲ್ಲರೂ ಸೇರಿ ಹೋಗಿ ನೋಡಿ ಬನ್ನಿ.
2. ನಮ್ಮಲ್ಲಿ ಯಾರ ಮನೆಯ ಕಾಗದ ಇನ್ನೂ ಸರಿ ಇಲ್ಲ? ಯಾರು ಯಾರ ಜೊತೆ ಪಂಚಾಯತಿಗೆ ಹೋಗುತ್ತೀರಿ?
3. ಈ ವರ್ಷ ಮನೆ ಕಟ್ಟುವವರು ಯಾರು? ಅವರಿಗೆ ಸಂಘದಿಂದ ಎಷ್ಟು ಸಾಲ, ಯಾವ ಹಂತದಲ್ಲಿ ಕೊಡಬಹುದು?
4. ಅಳತೆ ಪೆಟ್ಟಿಗೆ, ನೀರಿನ ಡ್ರಮ್ಮು, ಗೋಣಿಚೀಲ ಇವನ್ನು ಸಂಘವೇ ಇಟ್ಟುಕೊಂಡು ಒಬ್ಬರ ನಂತರ ಒಬ್ಬರಿಗೆ ಕೊಡಲು ಆಗುವುದೇ?

ಈ ಹಾಳೆಯನ್ನು ನಿಮ್ಮ ಊರಿನ ಗೌಂಡಿಯವರಿಗೂ ಓದಿ ಹೇಳಿ. ಬುನಾದಿ ತೋಡುವ ದಿನ ಅವರ ಕೈಯಲ್ಲೇ ಇದು ಇರಲಿ.