ಕೂಸಿನ ರಾತ್ರಿನಿದ್ರೆಯನ್ನು ಕುರಿತ ಪಾಠ

ಓದತಕ್ಕ ಭಾಗ: 1 ಅರಸುಗಳು 3ನೇ ಅಧ್ಯಾಯ, 16ರಿಂದ 28ನೇ ವಚನಗಳು



ಸೊಲೊಮೋನನ ನ್ಯಾಯತೀರ್ಪಿನ ಕಥೆಯನ್ನು ನಮ್ಮ ಸಭೆಗಳ ಸಣ್ಣ ಮಕ್ಕಳು ಸಹ ಬಲ್ಲರು. ಆದರೆ ಅರಸನ ಕತ್ತಿಯನ್ನೂ ಜ್ಞಾನವನ್ನೂ ನೆನಸುವ ಅವಸರದಲ್ಲಿ ನಾವು 19ನೇ ವಚನವನ್ನು ದಾಟಿಹೋಗುತ್ತೇವೆ. ಆ ಇಬ್ಬರು ಸ್ತ್ರೀಯರಲ್ಲಿ ಒಬ್ಬಳು ರಾತ್ರಿಯಲ್ಲಿ ತನ್ನ ಕೂಸಿನ ಮೇಲೆ ಹೊರಳಿದ್ದರಿಂದ ಅದು ಸತ್ತುಹೋಯಿತೆಂದು ಅಲ್ಲಿ ಹೇಳಲ್ಪಟ್ಟಿದೆ. ಆಮೇಲೆ ಅವಳು ಮಾಡಿದ ವಂಚನೆಯು ಪಾಪವೇ ಸರಿ. ಆದರೆ ಕೂಸು ಸತ್ತದ್ದು ದ್ವೇಷದಿಂದಲ್ಲ, ನಿದ್ರೆಯಲ್ಲಿ, ಅರಿಯದೆ.

ಕೆಲವು ವರುಷಗಳ ಕೆಳಗೆ ನಾನು ಒಂದು ಹಳ್ಳಿಯಲ್ಲಿ ಮೂರು ತಿಂಗಳ ಕೂಸಿನ ಸಮಾಧಿಯ ಪ್ರಾರ್ಥನೆಯನ್ನು ನಡಿಸಬೇಕಾಯಿತು. ಸಂಜೆ ಹಾಲು ಕುಡಿದು ನಕ್ಕಿದ್ದ ಕೂಸು ಬೆಳಿಗ್ಗೆ ತಣ್ಣಗಾಗಿತ್ತು. ಬೆಚ್ಚಿಬೀಳದಿರಲೆಂದು ಹಿರಿಯರು ಹೇಳಿದ ಪ್ರಕಾರ ಅದನ್ನು ಮೆತ್ತನೆಯ ಅರಳೆಯ ಹಾಸಿಗೆಯ ಮೇಲೆ ಬೋರಲು ಮಲಗಿಸಿದ್ದರು. ಅಂಗಳದಲ್ಲಿ ಕೂತವರು ತಾಯಿಗೆ ಕೇಳುವಂತೆಯೇ, "ಇವಳೇ ತಿಂದುಕೊಂಡಳು" ಅಂದರು. ನಾನು ಪುನರುತ್ಥಾನದ ನಿರೀಕ್ಷೆಯನ್ನು ಸಾರಿದೆನು. ಆದರೆ ಹಿಂದಿನ ತಿಂಗಳು ಅದೇ ಮನೆಯಲ್ಲಿ ಪ್ರಾರ್ಥಿಸಿದಾಗ ಕೂಸು ಬೋರಲು ಮಲಗಿದ್ದದ್ದನ್ನು ನಾನು ನೋಡಿ ಸುಮ್ಮನಿದ್ದೆನು. ಯಾಕಂದರೆ ನನಗೂ ತಿಳಿದಿರಲಿಲ್ಲ. ಆ ಅಜ್ಞಾನವು ಮತ್ತೊಂದು ಮನೆಯಲ್ಲಿ ಉಳಿಯಬಾರದೆಂದು ಈ ಪಾಠವನ್ನು ಬರೆಯುತ್ತೇನೆ.

1. ಅಂಗಾತ ಮಲಗಿಸಿರಿ

ಒಂದು ವರುಷ ತುಂಬುವ ತನಕ ಕೂಸನ್ನು ಹಗಲಾಗಲಿ ರಾತ್ರಿಯಾಗಲಿ ಅಂಗಾತವಾಗಿಯೇ ಮಲಗಿಸತಕ್ಕದ್ದು. ಬೋರಲಾಗಿಯೂ ಅಲ್ಲ, ಮಗ್ಗುಲಾಗಿಯೂ ಅಲ್ಲ. ಅಂಗಾತ ಮಲಗಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತೆಂದು ಅಜ್ಜಿಯಂದಿರು ಅಂಜುವದುಂಟು. ಆದರೆ ದೇವರು ದೇಹವನ್ನು ನಿರ್ಮಿಸಿದ ರೀತಿಯನ್ನು ನೋಡಿರಿ: ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳಕ್ಕಿಂತ ಮೇಲೆ ಇರುತ್ತದೆ, ಕಕ್ಕಿದ್ದು ಕೆಳಗೇ ಉಳಿಯುತ್ತದೆ. ಬೋರಲು ಮಲಗಿಸಿದರೆ ಶ್ವಾಸನಾಳವೇ ಕೆಳಗಾಗುತ್ತದೆ.

ಈ ವಿಷಯದಲ್ಲಿ ಹಳ್ಳಿಯವರು ಮಾತ್ರವೇ ತಪ್ಪಿದವರಲ್ಲ. ಅಮೆರಿಕ ದೇಶದ ಡಾಕ್ಟರ್ ಬೆಂಜಮಿನ್ ಸ್ಪಾಕ್‌ರವರ ಪ್ರಸಿದ್ಧವಾದ ಶಿಶುಪಾಲನೆಯ ಪುಸ್ತಕವು 1950ರ ದಶಕದ ಕೊನೆಯಿಂದ ಬಹು ವರುಷ ಬೋರಲು ಮಲಗಿಸುವದನ್ನೇ ಕಲಿಸಿತು. ತರುವಾಯ ವೈದ್ಯರು ಲೆಕ್ಕಗಳನ್ನು ಪರಿಶೋಧಿಸಿ ತಪ್ಪನ್ನು ಕಂಡುಕೊಂಡರು. 1991ರಲ್ಲಿ ಇಂಗ್ಲೆಂಡಿನಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ, 1994ರಲ್ಲಿ ಅಮೆರಿಕದಲ್ಲಿಯೂ ಅಂಗಾತ ಮಲಗಿಸಿರೆಂದು ಜನರಿಗೆ ಸಾರಲಾಯಿತು. ಹತ್ತು ವರುಷಗಳೊಳಗೆ ಅಮೆರಿಕದಲ್ಲಿ ಇಂಥ ಅಕಸ್ಮಾತ್ ಮರಣಗಳು ಸುಮಾರು ಅರ್ಧದಷ್ಟಕ್ಕೆ ಇಳಿದವು. ಪಂಡಿತರು ತಮ್ಮ ತಪ್ಪನ್ನು ತಿದ್ದಿಕೊಂಡ ಮೇಲೆ ನಾವು ತಿದ್ದಿಕೊಳ್ಳಲು ನಾಚುವದೇಕೆ?

ಕೂಸು ಎಚ್ಚರವಾಗಿರುವಾಗ, ಒಬ್ಬರು ನೋಡುತ್ತಿರಲಾಗಿ, ಸ್ವಲ್ಪ ಹೊತ್ತು ಬೋರಲು ಹಾಕುವದು ಒಳ್ಳೇದು. ಅದರಿಂದ ಕುತ್ತಿಗೆಗೆ ಬಲ ಬರುತ್ತದೆ.

2. ಹಾಸಿಗೆಯು ಗಟ್ಟಿಯಾಗಿರಲಿ, ಬರಿದಾಗಿರಲಿ

ಚಾಪೆಯ ಮೇಲೆ ಬಿಗಿಯಾಗಿ ಹಾಸಿದ ತೆಳ್ಳಗಿನ ಬಟ್ಟೆ ಸಾಕು. ಬಡವರ ಈ ಹಾಸಿಗೆಯು ಐಶ್ವರ್ಯವಂತರ ಮೆತ್ತೆಗಿಂತ ಲೇಸು. ಹತ್ತಿರದಲ್ಲಿ ಸಾಸಿವೆಯ ದಿಂಬಾಗಲಿ, ದಪ್ಪ ಕೌದಿಯಾಗಲಿ, ಬೊಂಬೆಯಾಗಲಿ ಬೇಡ. ಮೂಗು ಮುಚ್ಚಿದರೆ ಮುಖ ತಿರುಗಿಸುವ ಶಕ್ತಿ ಎಳೇ ಕೂಸಿಗೆ ಇಲ್ಲ. ಸೀರೆಯಿಂದ ಕಟ್ಟಿದ ಜೋಲಿಯಲ್ಲಿ ಬೆನ್ನು ಬಾಗಿ ಗದ್ದವು ಎದೆಗೆ ತಗಲಿದರೆ ಉಸಿರಿನ ದಾರಿ ಮುಚ್ಚೀತು. ಆದದರಿಂದ ರಾತ್ರಿಯೆಲ್ಲಾ ಅದರಲ್ಲಿ ಬಿಡಬಾರದು. ತಳವು ಸಮನಾಗಿರುವ ತೊಟ್ಟಿಲು ಉತ್ತಮ. ಕೊರಳಿನಲ್ಲಿ ದಾರವನ್ನಾಗಲಿ ತಾಯಿತವನ್ನಾಗಲಿ ಕಟ್ಟಬಾರದು. ಅದು ಎಲ್ಲಿಯಾದರೂ ಸಿಕ್ಕಿಕೊಂಡರೆ ಉರುಲಾಗುವದು.

3. ಹತ್ತಿರ, ಆದರೆ ಬೇರೆಯಾಗಿ

ಕೂಸು ಕನಿಷ್ಠ ಆರು ತಿಂಗಳು ತಾಯಿಯ ಕೋಣೆಯಲ್ಲಿ, ಕೈಗೆಟಕುವ ದೂರದಲ್ಲಿ, ಬೇರೆ ಚಾಪೆಯ ಮೇಲಾಗಲಿ ತೊಟ್ಟಿಲಿನಲ್ಲಾಗಲಿ ಮಲಗಲಿ. ರಾತ್ರಿಯಲ್ಲಿ ಮೊಲೆಯೂಡಿಸುವದನ್ನು ಬಿಡಬೇಡಿರಿ. ಎದೆಹಾಲು ಸಹ ಈ ಅಪಾಯವನ್ನು ಕಡಿಮೆ ಮಾಡುತ್ತದೆ. ಊಡಿಸಿದ ಮೇಲೆ ಕೂಸನ್ನು ಅದರ ಸ್ಥಳಕ್ಕೆ ಸೇರಿಸಿರಿ. ಕುಡಿದವನು, ಬೀಡಿ ಸೇದುವವನು, ನಿದ್ರೆಯ ಔಷಧ ತಿಂದವನು ಎಂದಿಗೂ ಕೂಸಿನ ಪಕ್ಕದಲ್ಲಿ ಮಲಗಕೂಡದು. ಗಂಡಸರೇ, ಇದು ನಿಮಗೆ ಹೇಳಿದ ಮಾತು. ಕೂಸನ್ನು ಮಲಗಿಸಲು ಅಫೀಮನ್ನಾಗಲಿ ಸಾರಾಯಿಯ ತೊಟ್ಟನ್ನಾಗಲಿ ಕೊಡುವದು ವಿಷ ಕೊಡುವದೇ ಸರಿ.

4. ಹೊಗೆಯೂ ಸೆಕೆಯೂ

ಕೂಸು ಮಲಗುವ ಕಡೆ ಒಲೆಯ ಹೊಗೆ, ಬೀಡಿಯ ಹೊಗೆ, ಸಾಂಬ್ರಾಣಿಯ ಹೊಗೆ ಇರಬಾರದು. ಸೊಳ್ಳೆಗೆ ಪರದೆಯನ್ನು ಕಟ್ಟಿ ಅಂಚುಗಳನ್ನು ಚಾಪೆಯ ಕೆಳಗೆ ಸೇರಿಸಿರಿ. ಕೈಕಾಲು ತಣ್ಣಗಿದ್ದ ಮಾತ್ರಕ್ಕೆ ಬಟ್ಟೆಯ ಮೇಲೆ ಬಟ್ಟೆ ಹೊದಿಸಬೇಡಿರಿ. ಎದೆಯನ್ನೋ ಕುತ್ತಿಗೆಯ ಹಿಂಭಾಗವನ್ನೋ ಮುಟ್ಟಿ ನೋಡಿರಿ. ಬೆವರಿದ್ದರೆ ಬಟ್ಟೆ ಹೆಚ್ಚಾಯಿತು. ಮನೆಯೊಳಗೆ ನಿದ್ರಿಸುವಾಗ ಕುಲಾವಿಯನ್ನು ತೆಗೆದಿಡಿರಿ; ಹುಟ್ಟಿದ ಮೊದಲ ದಿನಗಳಲ್ಲಿಯೂ ತೂಕ ಕಡಿಮೆಯಾದ ಕೂಸಿಗೂ ದಾದಿಯರು ಹೇಳಿದಂತೆ ಮಾಡಿರಿ. ಬಟ್ಟೆಯಲ್ಲಿ ಸುತ್ತುವದಾದರೆ ಸೊಂಟದ ಬಳಿ ಸಡಿಲವಾಗಿರಲಿ. ಹೊರಳಲು ಯತ್ನಿಸಿದ ದಿನವೇ ಸುತ್ತುವದನ್ನು ನಿಲ್ಲಿಸಿರಿ.

5. ತಡಮಾಡಬಾರದ ಗುರುತುಗಳು

ಎರಡು ತಿಂಗಳೊಳಗಿನ ಕೂಸು ಒಂದು ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ, ಪಕ್ಕೆ ಒಳಗೆಳೆದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಟ್ಟರೆ ಇಲ್ಲವೆ ತಣ್ಣಗಾದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಎಂದು ಕಾಯಬೇಡಿರಿ. 108ಕ್ಕೆ ಕರೆಮಾಡಿರಿ. ಆಶಾ ಕಾರ್ಯಕರ್ತೆಯು ಮೊದಲ 42 ದಿನಗಳಲ್ಲಿ ಮನೆಗೆ ಹಲವು ಸಾರಿ ಬರುತ್ತಾಳೆ; ಅವಳನ್ನು ಬಾಗಿಲಿನಿಂದ ಕಳುಹಿಸಿಬಿಡದೆ, ಕೂಸು ಮಲಗುವ ಸ್ಥಳವನ್ನು ತೋರಿಸಿ ವಿಚಾರಿಸಿರಿ.

ಕಡೆಯ ಮಾತು

ಇವನ್ನೆಲ್ಲಾ ಕೈಕೊಂಡರೂ ಅಪರೂಪವಾಗಿ ಕೂಸು ನಿದ್ರೆಯಲ್ಲಿಯೇ ತೀರಿಹೋಗುವದುಂಟು. ಅದರ ಕಾರಣವನ್ನು ವೈದ್ಯರು ಇನ್ನೂ ಪೂರ್ಣವಾಗಿ ಅರಿತಿಲ್ಲ. ಆದಕಾರಣ ಅಂಥ ಮನೆಗೆ ಹೋದಾಗ ನಮ್ಮ ಬಾಯಿಗೆ ಕಾವಲಿರಲಿ. ತಾಯಿಯನ್ನು ದೂಷಿಸುವವರ ನಡುವೆ ಸಭೆಯ ಹಿರಿಯರು ಎದ್ದು ಅವಳ ಪಕ್ಕದಲ್ಲಿ ನಿಲ್ಲಲಿ. ದುಃಖಿಸುವವರ ಸಂಗಡ ದುಃಖಿಸುವದು ನಮ್ಮ ಕರ್ತನ ಮಾರ್ಗ. ಆತನು ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರು ಬಿಟ್ಟನಲ್ಲವೇ?

ಕಾಯುವಾತನು ದೇವರು. ಆದರೆ ಆತನನ್ನು ನಂಬುವವನು ರಾತ್ರಿ ಬಾಗಿಲಿಗೆ ಅಗಳಿ ಹಾಕದೆ ಮಲಗುವದಿಲ್ಲ. ಹಾಗೆಯೇ ಸಂಜೆಯ ಪ್ರಾರ್ಥನೆಯನ್ನು ಮುಗಿಸಿದ ಮೇಲೆ ಒಂದು ಸಾರಿ ದೀಪವನ್ನೆತ್ತಿ ಕೂಸಿನ ಹಾಸಿಗೆಯನ್ನು ನೋಡಿರಿ.

ಸ್ತ್ರೀಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ಕೂಸು ನಿನ್ನೆ ರಾತ್ರಿ ಹೇಗೆ ಮಲಗಿತ್ತು?
2. ಅತ್ತೆಗೂ ಅಜ್ಜಿಗೂ ಮರ್ಯಾದೆ ತಪ್ಪದೆ ಈ ಸಂಗತಿಗಳನ್ನು ತಿಳಿಸುವದು ಹೇಗೆ?
3. ಕೂಸನ್ನು ಕಳಕೊಂಡ ತಾಯಿ ನಮ್ಮ ಸಭೆಯಲ್ಲಿ ಇದ್ದಾಳೋ? ಅವಳನ್ನು ಈ ವಾರ ಯಾರು ಕಾಣುವರು?