ಮಹಡಿಯ ಕೈತೋಟ ಮತ್ತು ಮನೆಯ ಆರೋಗ್ಯ

ಊರಿನ ಹಿತ್ತಿಲನ್ನು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗರಿಗೆ ಅಂಗೈ ಅಗಲದ ಮಣ್ಣೂ ದುರ್ಲಭ. ಆದರೂ ಕೋಲ್ಕತ್ತದ ಹಳೆಯ ಮನೆಗಳಿಗೆ ತಾರಸಿಯುಂಟು, ಹೊಸ ವಸತಿಗಳಿಗೆ ಬಾಲ್ಕನಿಯುಂಟು. ಐದಾರು ಕುಂಡಗಳಿಗೆ ಅಷ್ಟು ಎಡೆ ಸಾಕು. ಕೈತೋಟವು ನಮ್ಮಿಂದ ಬೇಡುವುದು ದಿನಕ್ಕೆ ಹತ್ತು ನಿಮಿಷಗಳ ಗಮನವನ್ನು. ಆ ಗಮನವೇ ಸಂತೋಷವನ್ನೂ ಕೊಡುತ್ತದೆ, ಆರೋಗ್ಯವನ್ನೂ ಕಾಯುತ್ತದೆ.

ತೋಟಗಾರಿಕೆಯಲ್ಲಿ ಈ ನಗರದ ಪರಂಪರೆ ದೊಡ್ಡದು. ಹೂಗ್ಲಿಯ ಆಚೆಯ ದಡದಲ್ಲಿ ಶಿವಪುರದ ಸಸ್ಯೋದ್ಯಾನವು 1787ರಲ್ಲಿ ಸ್ಥಾಪಿತವಾಯಿತು. ಕನ್ನಡ ಭಾಷೆಯ ವ್ಯಾಕರಣವೊಂದನ್ನು ರಚಿಸಿ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿಯವರೇ 1820ರಲ್ಲಿ ಇಲ್ಲಿಯ ಕೃಷಿ-ತೋಟಗಾರಿಕಾ ಸಂಘವನ್ನೂ ಸ್ಥಾಪಿಸಿದರೆಂಬುದು ನಮಗೆ ಅಭಿಮಾನದ ಸಂಗತಿ. ಅಲಿಪುರದಲ್ಲಿರುವ ಆ ಸಂಘದ ಉದ್ಯಾನವನ್ನು ಚಳಿಗಾಲದಲ್ಲೊಮ್ಮೆ ನೋಡಬೇಕು. ನಮ್ಮ ಸೇವಂತಿಗೆಗೆ ಇಲ್ಲಿಯವರು ಚಂದ್ರಮಲ್ಲಿಕಾ ಎನ್ನುತ್ತಾರೆ.

ಮೊದಲ ಸಲ ಬೆಳೆಸುವವರು ತುಳಸಿ, ದೊಡ್ಡಪತ್ರೆ, ಕರಿಬೇವು ಮತ್ತು ಬಸಳೆಯಿಂದ ಆರಂಭಿಸುವುದು ಒಳಿತು. ಕರಾವಳಿಯವರ ಬಸಳೆಯೇ ಬಂಗಾಳಿಗಳ ಪುಂಯಿ ಶಾಕ್. ಮಾರುಕಟ್ಟೆಯಿಂದ ತಂದ ಸೊಪ್ಪಿನ ಬಲಿತ ದಂಟೊಂದನ್ನು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಗಂಗೆಯ ಬಯಲಿನ ಮೆಕ್ಕಲು ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಆದ್ದರಿಂದ ಅದಕ್ಕೆ ಮರಳನ್ನೂ ಕಳಿತ ಗೊಬ್ಬರವನ್ನೂ ಬೆರೆಸಬೇಕು, ಕುಂಡದ ತಳದಲ್ಲಿ ರಂಧ್ರವಿರಬೇಕು. ಚಳಿಗಾಲದಲ್ಲಿ ಕರಿಬೇವಿನ ಬೆಳವಣಿಗೆ ಕುಂಠಿತವಾದರೆ ಗಾಬರಿಯಾಗದೆ ನೀರನ್ನು ಕಡಿಮೆ ಮಾಡಿದರಾಯಿತು.

ಕಚೇರಿಗೆ ಹೊರಡುವ ಮುನ್ನ ಹೊಸ ಚಿಗುರೊಂದನ್ನು ಕಂಡಾಗ ಆಗುವ ಆನಂದವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮಾ ಮಾಡಲಾಗದು. ನಾಲ್ಕು ದೊಡ್ಡಪತ್ರೆ ಎಲೆಗಳನ್ನು ಕಿತ್ತು ತಂಬುಳಿ ಮಾಡಿದ ದಿನ ಊಟದ ಎಲೆಯ ಮುಂದೆ ಊರೇ ಬಂದು ಕುಳಿತಂತಾಗುತ್ತದೆ. ಇಲ್ಲಿಯೇ ಹುಟ್ಟಿದ ಮಕ್ಕಳು ಎಲೆಗಳ ಕನ್ನಡ ಹೆಸರುಗಳನ್ನು ಕಲಿಯುವುದೂ ಈ ಕುಂಡಗಳ ಬಳಿಯಲ್ಲಿಯೇ.

ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರೇ ಸಾಕು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ವಾರದಿಂದ ಹತ್ತು ದಿನಗಳು ಹಿಡಿಯುತ್ತವೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯ ನೀರನ್ನು ಚೆಲ್ಲಿ, ಒಳಬದಿಯನ್ನು ತಿಕ್ಕಿ ಒಣಗಿಸಬೇಕು. ತಟ್ಟೆಯ ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಮಳೆಗಾಲದಲ್ಲಿ ಜ್ವರ ಬಂದರೆ ಆಸ್ಪಿರಿನ್ ನುಂಗದೆ, ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.

ಈ ಪಾಠಕ್ಕೂ ನಮ್ಮ ನಾಡಿಗೂ ನಂಟುಂಟು. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ಬಂಗಲೆಯ ಬಳಿಯ ತೊಟ್ಟಿಯ ನೀರನ್ನು ಚೆಲ್ಲಿದಾಗ ಸೊಳ್ಳೆಗಳ ಕಾಟ ತಗ್ಗಿದ್ದನ್ನು ಗಮನಿಸಿದ್ದರು. ಮಲೇರಿಯಾ ರೋಗವನ್ನು ಸೊಳ್ಳೆಯೇ ಹರಡುತ್ತದೆಂಬುದನ್ನು ಅವರು 1898ರಲ್ಲಿ ಇದೇ ಕಲ್ಕತ್ತೆಯಲ್ಲಿ, ಪಕ್ಷಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು; 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಗಿಡಕ್ಕೆ ನೀರೆರೆಯುವ ಕೈಯೇ ತಟ್ಟೆಯ ನೀರನ್ನೂ ಚೆಲ್ಲಲಿ. ಆಗ ನಮ್ಮ ಮಹಡಿಯ ಹಸಿರು ಮನೆಯವರಿಗೂ ನೆರೆಯವರಿಗೂ ಹಿತವಾದೀತು.